ಪಿಎಚ್.ಡಿ. ಆರಂಭದಲ್ಲೇ ಸಂಶೋಧನಾ ಕ್ಷೇತ್ರ ಬದಲಿಸಬೇಕೆಂದರೆ

ಆಧುನಿಕ ಕಾದಂಬರಿಯ ಬಗ್ಗೆ ಮಾತನಾಡಿ ಕನ್ನಡ ವಿಭಾಗದಲ್ಲಿ ಸೀಟು ಪಡೆದ ವಿದ್ಯಾರ್ಥಿಯ ಮನಸ್ಸು, ಕೋರ್ಸ್‌ವರ್ಕ್ ಆರಂಭವಾದ ಎರಡೇ ತಿಂಗಳಲ್ಲಿ ಶಾಸನಗಳ ಕಡೆಗೆ ಹೊರಳುವುದುಂಟು. ವಿಭಾಗ ಅದೇ ಆಗಿರುವುದರಿಂದ ಶೀರ್ಷಿಕೆ ಬದಲಿಸಿದರೆ ಸಾಕು ಎಂದು ತೋರಬಹುದು. ಆದರೆ ಬಹಳಷ್ಟು ಸಲ ಅದರೊಂದಿಗೆ ಮಾರ್ಗದರ್ಶಕರೂ, ಕೆಲವೊಮ್ಮೆ ಶಿಷ್ಯವೇತನದ ಮೂಲವೂ ಬದಲಾಗಬೇಕಾಗುತ್ತದೆ.

ಮೊದಲು ಆ ಆಸೆಯನ್ನೇ ಪರೀಕ್ಷಿಸಿಕೊಳ್ಳಿ. ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಒಂದು ಸಂಪುಟವನ್ನು ಗ್ರಂಥಾಲಯದಲ್ಲಿ ಮುಂದಿಟ್ಟುಕೊಂಡು, ದಾನಿಯ ಹೆಸರು, ತಿಥಿ, ಭೂಮಿಯ ಎಲ್ಲೆ ಎಂದು ಒಂದೇ ಬಗೆಯ ವಿವರಗಳು ಮರುಕಳಿಸುವ ಪಾಠಗಳನ್ನು ಮೂರು ವಾರ ಓದಿ, ನಿಮ್ಮದೇ ಆದ ಒಂದು ಪ್ರಶ್ನೆ ಹುಟ್ಟುತ್ತದೆಯೇ ಎಂದು ನೋಡಿ. ಹಳೆಯ ಲಿಪಿಯನ್ನು ಓದಲು ಕಲಿಯಲು ಬೇಕಾಗುವ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಈಗಿನ ಮಾರ್ಗದರ್ಶಕರ ಮೇಲಿನ ಬೇಸರವೇ ಬದಲಾವಣೆಗೆ ಕಾರಣವಾಗಿದ್ದರೆ, ಆ ಬೇಸರ ಮೂರು ವಾರದ ಓದಿನಲ್ಲಿ ಹೊರಬೀಳುತ್ತದೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿಯ ಪ್ರಕಾರ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳದ್ದಾಗಿರಬೇಕು. ವಿಷಯವನ್ನು ಅಂತಿಮಗೊಳಿಸುವುದು ಸಂಶೋಧನಾ ಸಲಹಾ ಸಮಿತಿ. ಆ ಸಮಿತಿ ನಿಮ್ಮ ಪ್ರಸ್ತಾವವನ್ನು ಒಪ್ಪುವ ಮೊದಲೇ ಬದಲಾವಣೆ ಆಗುವುದು ಸುಲಭ. ಗರಿಷ್ಠ 6 ವರ್ಷಗಳ ಅವಧಿಯನ್ನು ಪ್ರವೇಶದ ದಿನದಿಂದಲೇ ಎಣಿಸುವುದರಿಂದ ತಡಮಾಡಿದಷ್ಟೂ ನಷ್ಟ ನಿಮ್ಮದೇ.

ಅನಂತರ ಸ್ಥಾನದ ಪ್ರಶ್ನೆ. ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ನೀಡುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಶಾಸನತಜ್ಞರು ಒಪ್ಪುವರೇ ಎಂದು ಕೇಳುವ ಮುನ್ನ, ಅವರ ಬಳಿ ಜಾಗ ಇದೆಯೇ ಎಂಬುದನ್ನು ವಿಭಾಗದ ಕಚೇರಿಯಲ್ಲಿ ತಿಳಿದುಕೊಳ್ಳಿ.

ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್; 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ) ನಿಮ್ಮ ಹೆಸರಿಗೆ ಬಂದಿರುವ ಶಿಷ್ಯವೇತನ. ಮಾರ್ಗದರ್ಶಕರು ಬದಲಾದುದನ್ನು ದಾಖಲೆಗಳಲ್ಲಿ ಸರಿಪಡಿಸಿಕೊಳ್ಳಬೇಕಷ್ಟೆ. ಮಾರ್ಗದರ್ಶಕರ ಪ್ರಾಜೆಕ್ಟಿನಿಂದ ವೇತನ ಬರುತ್ತಿದ್ದರೆ, ಪ್ರಾಜೆಕ್ಟ್ ಬಿಟ್ಟ ದಿನ ಅದೂ ನಿಲ್ಲುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮಾತುಕತೆ. ಹೊಸ ಮಾರ್ಗದರ್ಶಕರ ಒಪ್ಪಿಗೆ ಪಡೆದು ಆಮೇಲೆ ಹಳಬರಿಗೆ ತಿಳಿಸುವುದು ಜಾಣತನವೆಂದು ಹಲವರು ಭಾವಿಸುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಇಬ್ಬರೂ ಒಂದೇ ಕಾರಿಡಾರಿನಲ್ಲಿ ಓಡಾಡುವವರು, ನಾಳೆ ನಿಮ್ಮ ಸಲಹಾ ಸಮಿತಿಯಲ್ಲಿ ಜೊತೆಯಾಗಿ ಕುಳಿತಿರಲೂಬಹುದು. ಶಾಸನತಜ್ಞರ ಬಳಿ ಏನು ಓದಬೇಕೆಂಬುದನ್ನು ಮಾತ್ರ ಕೇಳಿ, ಸೀಟಿನ ಮಾತೆತ್ತುವ ಮೊದಲು ಈಗಿನ ಮಾರ್ಗದರ್ಶಕರನ್ನು ಖುದ್ದಾಗಿ ಕಂಡು, "ಸರ್, ಈಚೆಗೆ ಶಾಸನಗಳನ್ನು ಓದುತ್ತಿದ್ದೇನೆ, ಅದರಲ್ಲೇ ಕೆಲಸ ಮಾಡಬೇಕೆನಿಸುತ್ತಿದೆ, ತಾವೇನು ಹೇಳುತ್ತೀರಿ?" ಎಂದು ವಿಚಾರಿಸಿ. ಅವರೇ ಹೊಸ ಮಾರ್ಗದರ್ಶಕರೊಡನೆ ಮಾತನಾಡಿದರೆ ಅರ್ಧ ಕೆಲಸ ಮುಗಿದಂತೆ. ಬಳಿಕ ಇಬ್ಬರ ಲಿಖಿತ ಒಪ್ಪಿಗೆಯೊಂದಿಗೆ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆಯಿರುವ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಜಾಗವೇ ಇಲ್ಲದಿದ್ದರೆ ಶಾಸನತಜ್ಞರನ್ನು ಸಹ ಮಾರ್ಗದರ್ಶಕರನ್ನಾಗಿ ಕೇಳಬಹುದು. ಇಲ್ಲವೇ, ಐತಿಹಾಸಿಕ ಕಾದಂಬರಿಗಳು ಶಾಸನಗಳ ಆಧಾರವನ್ನು ಬಳಸಿಕೊಂಡ ಬಗೆಯನ್ನೇ ವಿಷಯವಾಗಿ ಆರಿಸಿಕೊಂಡರೆ, ಮಾರ್ಗದರ್ಶಕರನ್ನು ಬದಲಿಸುವ ಪ್ರಮೇಯವೇ ಬರುವುದಿಲ್ಲ.