ಗ್ಯಾಸ್ಕೆಟ್ ಅಲ್ಲ, ಟಬ್ ಸೀಲೂ ಅಲ್ಲ: ಸೋರುವ ವಾಷಿಂಗ್ ಮಷೀನ್ ಜೊತೆ ನನ್ನ ಅನುಭವ

ಆರು ವಾರ ಆಯ್ತು, ನಮ್ಮ ಫ್ರಂಟ್ ಲೋಡ್ ಮಷೀನಿನ ಅಡಿಯಲ್ಲಿ ಒಂದು ಹನಿಯೂ ಇಲ್ಲ. "ಸುಮ್ನೆ ಹೊಸದು ತಗೋ" ಅಂದಿದ್ದ ಭಾವ ಮೊನ್ನೆ ಬಂದಾಗ ಬಗ್ಗಿ, ಅಡಿಗೆ ಕೈಹಾಕಿ ಸವರಿ ನೋಡಿದರು. ಒಣಗಿತ್ತು.

ಮೊದಲು ದುಡ್ಡು ಹೋದ ಕಥೆ. ರಿಪೇರಿಗೆ ಬಂದವರು ಬಾಗಿಲ ಗ್ಯಾಸ್ಕೆಟ್, ಅಂದರೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ, ಬದಲಿಸಿದರು. ನಾಲ್ಕೇ ದಿನ, ಮತ್ತೆ ನೀರು. ಆಮೇಲೆ ಟಬ್ ಸೀಲ್ (ಟಬ್ ಹಿಂದೆ, ಡ್ರಮ್ ತಿರುಗುವ ಅಚ್ಚಿನ ಸುತ್ತ ನೀರು ತಡೆಯುವ ರಬ್ಬರ್ ಬಳೆ) ಹೋಗಿದೆ, ಬೇರಿಂಗ್ ಸಮೇತ ಹಾಕಬೇಕು ಅಂದರು. ಹೊಸ ಮಷೀನಿನ ಹತ್ತಿರ ಹತ್ತಿರ ಅರ್ಧ ದುಡ್ಡು! ನಾನು ಒಪ್ಪಲಿಲ್ಲ. ಸೀಲ್ ಹೋಗಿದ್ದರೆ ಟಬ್ ಹಿಂದೆ ತುಕ್ಕಿನ ಕಲೆ ಇಳಿದಿರಬೇಕು, ಸ್ಪಿನ್‌ನಲ್ಲಿ ಗರಗರ ಸದ್ದು ಬರಬೇಕು, ಅಲ್ವಾ? ಎರಡೂ ಇರಲಿಲ್ಲ.

ಎಲ್ಲಿ ಸೋರುತ್ತೆ ಅಂತ ಹುಡುಕೋದು ಬಿಟ್ಟೆ. ಯಾವಾಗ ಸೋರುತ್ತೆ ಅಂತ ನೋಡತೊಡಗಿದೆ. ಅಡಿಗೆ ಹಳೇ ಪೇಪರ್ ಹಾಸಿ ಪಕ್ಕದಲ್ಲೇ ಕೂತೆ. ನೀರು ತುಂಬುವಾಗ ಒಣ. ತುಂಬಿಸಿ ಅರ್ಧ ಗಂಟೆ ನಿಲ್ಲಿಸಿದರೂ ಒಣ. ಸ್ಪಿನ್ ಶುರುವಾಗಿ ಟಬ್ ಕುಲುಕಾಡಿದ ಮೇಲೆಯೇ ಪೇಪರ್ ಒದ್ದೆ. ಅಂದರೆ ಟಬ್ ಜೊತೆ ಅಲ್ಲಾಡುವ ಯಾವುದೋ ಭಾಗದ್ದೇ ಕೆಲಸ.

ಪ್ಲಗ್ ಕಿತ್ತು ಹಿಂದಿನ ತಗಡು ಬಿಚ್ಚಿದೆ. ಟಬ್‌ನಿಂದ ಪಂಪ್‌ಗೆ ಹೋಗುವ ರಬ್ಬರ್ ಹೋಸ್ ಒರೆಸಿ, ಮೈತುಂಬ ಟಾಲ್ಕಂ ಪೌಡರ್ ಉದುರಿಸಿದೆ. ತಗಡು ಮುಚ್ಚಿ ಒಂದು ಸ್ಪಿನ್. ಮತ್ತೆ ಪ್ಲಗ್ ಕಿತ್ತು ನೋಡಿದರೆ, ಬಿಳಿ ಪೌಡರ್ ಮೇಲೆ ನೀರು ಇಳಿದ ಸಣ್ಣ ಗೆರೆ! ಗೆರೆಯ ತುದಿಯಲ್ಲಿ, ಹೋಸಿನ ಮಡಿಕೆಯೊಳಗೆ, ಉಗುರಿನಷ್ಟು ಬಿರುಕು. ಸುಮ್ಮನಿದ್ದಾಗ ಕಾಣುತ್ತಲೇ ಇರಲಿಲ್ಲ. ಎಳೆದರೆ ಬಾಯಿ ಬಿಡುತ್ತಿತ್ತು.

ಪಂಕ್ಚರ್ ಪ್ಯಾಚ್ ಹಾಕಿ ನೋಡಿದೆ. ಎರಡು ಒಗೆತಕ್ಕೆ ಎದ್ದು ಬಂತು. ಮಡಿಕೆ ಪ್ರತಿ ಸಲ ಬಾಗುತ್ತೆ, ಪ್ಯಾಚ್ ಎಲ್ಲಿ ನಿಲ್ಲಬೇಕು? ಕೊನೆಗೆ ಹೊಸ ಹೋಸ್, ಅದನ್ನು ಬಿಗಿಯುವ ಎರಡು ಕ್ಲಾಂಪ್ ತಂದೆ. ಗ್ಯಾಸ್ಕೆಟ್‌ಗೆ ಕೊಟ್ಟಿದ್ದರ ಕಾಲು ಭಾಗವೂ ಆಗಲಿಲ್ಲ. ಪಂಪ್ ಕಡೆಯ ಕ್ಲಾಂಪ್‌ಗೆ ಕೈ ತೂರೋದೇ ಕಷ್ಟ. ನನ್ನದೇ ಒಂದು ಉಪಾಯದಿಂದ ಹತ್ತು ನಿಮಿಷದಲ್ಲಿ ಕೂರಿಸಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ, ನೊರೆ ಜಾಸ್ತಿಯಾಗಿ ಸೋರುತ್ತಿದೆಯೇನೋ ಅಂತ ಸೋಪಿನ ಪುಡಿ ಅರ್ಧ ಮಾಡಿದ್ದೆ. ಸೋರೋದು ನಿಲ್ಲಲಿಲ್ಲ, ಆದರೆ ಬಟ್ಟೆ ಅಷ್ಟೇ ಚೆನ್ನಾಗಿ ಬಂದವು. ಈಗಲೂ ಅರ್ಧವೇ ಹಾಕುತ್ತೇನೆ.

ಹಳೇ ಹೋಸ್ ಎಸೆದಿಲ್ಲ. ಭಾವನ ಕೈಗೇ ಕೊಟ್ಟು, "ಎಳೆದು ನೋಡಿ" ಅಂದೆ.