4+3 ಅಂತ ಬಂದದ್ದು 3+4 ಆಯಿತು: ಪ್ರಾಸ್ಟೇಟ್ ಕ್ಯಾನ್ಸರಿನ ರಿಪೋರ್ಟು ಓದಿ ಚಿಕಿತ್ಸೆ ಆರಿಸಿಕೊಂಡ ಬಗೆ

ಮಂಡ್ಯದಲ್ಲಿ ಮೊದಲ ಸಲ ಪಿಎಸ್‌ಎ (ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಬಿಡುವ ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆ) ಮಾಡಿಸಿದಾಗ 14.2 ಬಂತು. ಆಗ ಉರಿಮೂತ್ರ ಇತ್ತು. ಮೂತ್ರದ ಸೋಂಕು ಇರುವಾಗ ರಕ್ತ ಕೊಟ್ಟರೆ ಈ ಅಂಕಿ ಏರಿ ಬರುತ್ತದೆ, ಕ್ಯಾಥೆಟರ್ (ಮೂತ್ರ ಹೊರಗೆ ಬಿಡುವ ನಳಿಕೆ) ಹಾಕಿದ ಹೊಸದರಲ್ಲೂ ಅಷ್ಟೆ. ಔಷಧಿ ಮುಗಿಸಿ ಆರು ವಾರ ಬಿಟ್ಟು, ಹಿಂದಿನ ಎರಡು ದಿನ ಸೈಕಲ್ ತುಳಿಯದೆ, ಸಂಭೋಗವಿಲ್ಲದೆ, ಅದೇ ಲ್ಯಾಬಿನಲ್ಲಿ ಮತ್ತೆ ಕೊಟ್ಟಾಗ 8.6. ಮುಂದಿನ ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ಎರಡನೆಯ ಅಂಕಿ. ಇದರ ಉಲ್ಟಾ ಮೋಸವೂ ಒಂದಿದೆ. ವಯಸ್ಸಾದವರಿಗೆ ಮೂತ್ರ ಸಲೀಸಾಗಲೆಂದು ಟಾಮ್ಸುಲೋಸಿನ್ ಜೊತೆ ಡುಟಾಸ್ಟೆರೈಡ್ ಸೇರಿಸಿದ ಮಾತ್ರೆ ಕೊಡುತ್ತಾರೆ. ಆರು ತಿಂಗಳೋ ವರ್ಷವೋ ಅದನ್ನು ನುಂಗಿದವರ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅವರಿಗೆ 3 ಬಂದರೆ 6 ಎಂದೇ ಓದಬೇಕು. ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಲ್ಯಾಬಿನವರು ಕೇಳುವುದಿಲ್ಲ, ಡಾಕ್ಟರಿಗೆ ನಾವೇ ಹೇಳಬೇಕು.

ಬಯಾಪ್ಸಿಗಿಂತ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಮುಂಚೆ ಎಂಆರ್‌ಐ ಆಗಲಿ. ಸೂಜಿ ಚುಚ್ಚಿದ ಮೇಲೆ ಗ್ರಂಥಿಯೊಳಗೆ ರಕ್ತ ಕಟ್ಟಿರುತ್ತದೆ, ಚಿತ್ರ ಕಲಸಿಹೋಗುತ್ತದೆ, ಆರೆಂಟು ವಾರ ಕಾಯಬೇಕಾಗುತ್ತದೆ. ಎಂಆರ್‌ಐ ರಿಪೋರ್ಟಿನಲ್ಲಿ ಎರಡು ಕಡೆ ಬೆರಳಿಟ್ಟು ನೋಡಿ: ಪೈ-ರ್‍ಯಾಡ್ಸ್ ಅಂಕ (ಕ್ಯಾನ್ಸರಿನ ಅನುಮಾನ ಎಷ್ಟೆಂದು ಹೇಳುವ 1ರಿಂದ 5ರ ಅಂಕ, 5 ಅತಿ ಹೆಚ್ಚು, ನನ್ನದು 4), ಮತ್ತು ಗ್ರಂಥಿಯ ಗಾತ್ರ (48 ಸಿಸಿ). ಪಿಎಸ್‌ಎಯನ್ನು ಗಾತ್ರದಿಂದ ಭಾಗಿಸಿದರೆ 0.18. ಇದು 0.15 ದಾಟಿದರೆ, ಗ್ರಂಥಿ ದೊಡ್ಡದಾಗಿರುವುದಕ್ಕಷ್ಟೇ ಪಿಎಸ್‌ಎ ಏರಿದೆ ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ಬಯಾಪ್ಸಿಯಲ್ಲಿ 12 ಚೂರು ತೆಗೆದರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಹೃದಯದ ಡಾಕ್ಟರನ್ನು ಕೇಳದೆ ತಾವಾಗಿ ನಿಲ್ಲಿಸಬಾರದು. ಮೂತ್ರದಲ್ಲಿ ಒಂದೆರಡು ದಿನ, ವೀರ್ಯದಲ್ಲಿ ವಾರಗಟ್ಟಲೆ ರಕ್ತ ಕಂಡರೆ ಹೆದರಬೇಕಿಲ್ಲ. ಆದರೆ ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ. ಗುದದ್ವಾರದ ಮೂಲಕ ಸೂಜಿ ಹಾಕಿದಾಗ ಸೋಂಕು ರಕ್ತಕ್ಕೆ ಇಳಿಯುವ ಅಪಾಯವಿರುತ್ತದೆ.

ಇನ್ನು ಗ್ಲೀಸನ್ ಅಂಕ, ಅಂದರೆ ಕ್ಯಾನ್ಸರ್ ಎಷ್ಟು ಉಗ್ರವಾಗಿದೆ ಎಂದು ಬಯಾಪ್ಸಿಯ ಚೂರು ನೋಡಿ ಕೊಡುವ ಅಂಕ. ಎಲ್ಲ ತೀರ್ಮಾನವೂ ನಿಲ್ಲುವುದು ಇದರ ಮೇಲೆ. ಸೂಕ್ಷ್ಮದರ್ಶಕದಲ್ಲಿ ಗ್ರಂಥಿಗಳು ಬಿಡಿಬಿಡಿಯಾಗಿ ಗುರುತು ಸಿಗುವಂತಿದ್ದರೆ 3, ಒಂದಕ್ಕೊಂದು ಬೆಸೆದುಕೊಂಡಿದ್ದರೆ 4, ಆಕಾರವೇ ಅಳಿಸಿಹೋಗಿದ್ದರೆ 5. ಮೊದಲು ಬರೆಯುವುದು ಹೆಚ್ಚು ಜಾಗ ಹಿಡಿದಿರುವ ಬಗೆಯನ್ನು. ಹಾಗಾಗಿ 3+4, 4+3 ಎರಡೂ ಕೂಡಿದರೆ 7 ಆದರೂ ಒಂದೇ ಅಲ್ಲ: ಮೊದಲನೆಯದು ಗ್ರೇಡ್ ಗುಂಪು 2, ಎರಡನೆಯದು 3 (ಗುಂಪಿನ ಸಂಖ್ಯೆ ಏರಿದಷ್ಟೂ ಕ್ಯಾನ್ಸರ್ ಉಗ್ರ). 3+3 ಬಂದವರದು ಗುಂಪು 1. ಅವರಲ್ಲಿ ಬಹುಪಾಲು ಮಂದಿ ಚಿಕಿತ್ಸೆಯೇ ಇಲ್ಲದೆ ನಿಗಾದಲ್ಲಿ ಇರಬಹುದು: ಆರು ತಿಂಗಳಿಗೊಮ್ಮೆ ಪಿಎಸ್‌ಎ, ಡಾಕ್ಟರು ಹೇಳಿದಾಗ ಮತ್ತೆ ಎಂಆರ್‌ಐ, ಬಯಾಪ್ಸಿ.

ನನ್ನ ಮೊದಲ ರಿಪೋರ್ಟಿನಲ್ಲಿ ಇದ್ದದ್ದು 4+3. ಇದಕ್ಕೆ ರೇಡಿಯೇಷನ್ ಕೊಡುವುದಾದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ಹಾರ್ಮೋನ್ ಇಂಜೆಕ್ಷನ್ (ಗಂಡಸಿನ ಹಾರ್ಮೋನನ್ನು ತಗ್ಗಿಸುವುದು) ಸೇರುತ್ತದೆ. ಮೈ ಕಾವೇರುವುದು, ಸುಸ್ತು, ಆಸೆ ಬತ್ತುವುದು, ಸಕ್ಕರೆ ಏರುವುದು, ಎಲ್ಲ ಅದರ ಬೆನ್ನಿಗೇ ಬರುತ್ತವೆ. ಒಪ್ಪಿಕೊಳ್ಳುವ ಮುಂಚೆ ಸ್ಲೈಡುಗಳನ್ನು ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸಿದೆ. ಇದಕ್ಕೆ ಹೊಸದಾಗಿ ಚುಚ್ಚಿಸಿಕೊಳ್ಳಬೇಕಿಲ್ಲ. ಬಯಾಪ್ಸಿ ಓದಿದ ಲ್ಯಾಬಿಗೆ ಅರ್ಜಿ ಬರೆದುಕೊಟ್ಟು ಸ್ಲೈಡು ಮತ್ತು ಮೇಣದ ಬ್ಲಾಕ್ ಎರಡನ್ನೂ ಕೇಳಿ ಪಡೆಯಬೇಕು. ಬರಿಯ ರಿಪೋರ್ಟಿನ ಜೆರಾಕ್ಸ್ ಉಪಯೋಗಕ್ಕೆ ಬಾರದು. ಪ್ರತಿ ಬ್ಲಾಕಿನ ಮೇಲಿನ ಸಂಖ್ಯೆ ರಿಪೋರ್ಟಿನ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬ್ಲಾಕ್ ಬಿಟ್ಟು ಹೋಗಬೇಡಿ, ಅದು ಮೇಣ, ಮೆತ್ತಗಾಗುತ್ತದೆ. ಎರಡನೆಯ ಓದಿನಲ್ಲಿ 3+4 ಎಂದು ಬಂತು, 4ರ ಪಾಲು ಶೇ. 30, ಕ್ಯಾನ್ಸರ್ ಇದ್ದದ್ದು 12ರಲ್ಲಿ 4 ಚೂರಿನಲ್ಲಿ. ಯಾರದೂ ತಪ್ಪೆಂದು ನಾನು ಹೇಳುವುದಿಲ್ಲ. ಈ ಗೆರೆಯ ಆಚೆ ಈಚೆ ಇಬ್ಬರು ಪರಿಣತರ ಕಣ್ಣು ಬೇರೆಯಾಗುವುದುಂಟು. ಆದರೆ ಅದರಿಂದ ಹಾರ್ಮೋನ್ ಇಂಜೆಕ್ಷನ್ ತಪ್ಪಿತು.

ಇಷ್ಟಕ್ಕೆಲ್ಲ ಎರಡು ತಿಂಗಳು ಹಿಡಿಯಿತು. ಗ್ರಂಥಿಯೊಳಗೇ ಇರುವ ಇಂಥ ಕ್ಯಾನ್ಸರಿಗೆ ಅಷ್ಟು ಸಮಯ ಇರುತ್ತದೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಗಂಡಸರನ್ನು ನಿಗಾ, ಆಪರೇಷನ್, ರೇಡಿಯೇಷನ್ ಎಂದು ಮೂರು ಗುಂಪು ಮಾಡಿದ್ದರು. 2023ರಲ್ಲಿ ಬಂದ 15 ವರ್ಷದ ಫಲಿತಾಂಶದಲ್ಲಿ ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು ಯಾವ ಗುಂಪಿನಲ್ಲೂ ನೂರಕ್ಕೆ ಮೂವರ ಆಸುಪಾಸು. ಬೇರೆ ಕಡೆ ಹರಡಿದ್ದು ನಿಗಾ ಗುಂಪಿನಲ್ಲಿ ನೂರಕ್ಕೆ 9, ಉಳಿದೆರಡರಲ್ಲಿ 5. ಗ್ಲೀಸನ್ ಮೊತ್ತ 8 ಅಥವಾ ಅದಕ್ಕಿಂತ ಹೆಚ್ಚು ಬಂದವರು, ಪಿಎಸ್‌ಎ 20 ದಾಟಿದವರು ಈ ಸಮಾಧಾನ ತೆಗೆದುಕೊಳ್ಳಬಾರದು. ಅವರು ಮೂಳೆಗೆ ಹರಡಿದೆಯೇ ಎಂದು ಸ್ಕ್ಯಾನ್ ಮಾಡಿಸಿ ಬೇಗ ಶುರುಮಾಡಬೇಕು.

ಆಪರೇಷನ್ನೋ ರೇಡಿಯೇಷನ್ನೋ ಎನ್ನುವುದನ್ನು ಯೂರಾಲಜಿಸ್ಟ್, ರೇಡಿಯೇಷನ್ ಡಾಕ್ಟರು ಇಬ್ಬರನ್ನೂ ಕಂಡ ಮೇಲೆಯೇ ತೀರ್ಮಾನಿಸಿದೆ. ಆಪರೇಷನ್ ಆದರೆ ಒಂದೆರಡು ವಾರ ಕ್ಯಾಥೆಟರ್, ಆಮೇಲೆ ಕೆಲವು ತಿಂಗಳು ಮೂತ್ರ ಸೋರಿಕೆ. ಆದರೆ ಗ್ರಂಥಿ ಪೂರ್ತಿ ಕೈಗೆ ಸಿಕ್ಕಿ ನಿಜವಾದ ಗ್ರೇಡ್ ತಿಳಿಯುತ್ತದೆ, ಮುಂದೆ ಮರುಕಳಿಸಿದರೆ ರೇಡಿಯೇಷನ್ ಕೈಯಲ್ಲಿರುತ್ತದೆ. ರೇಡಿಯೇಷನ್ ಆದ ಮೇಲೆ ಆಪರೇಷನ್ ಬಲು ಕಷ್ಟ. ಐವತ್ತೈದರ ವಯಸ್ಸಾಗಿದ್ದರೆ ನಾನು ಆಪರೇಷನ್ನಿನ ಈ ಅನುಕೂಲಕ್ಕೆ ಹೆಚ್ಚು ತೂಕ ಕೊಡುತ್ತಿದ್ದೆ. 68ಕ್ಕೆ, ಹೃದಯದಲ್ಲಿ ಸ್ಟೆಂಟ್ ಇಟ್ಟುಕೊಂಡು, ಮೂತ್ರ ಧಾರಾಳವಾಗಿ ಹೋಗುತ್ತಿರುವವನಿಗೆ ರೇಡಿಯೇಷನ್ ಸರಿ ಎನಿಸಿತು. ಮೂತ್ರ ಕಟ್ಟಿಕೊಂಡು ಒದ್ದಾಡುವವರಿಗೆ ಅದು ಮೊದಲು ತೊಂದರೆ ಹೆಚ್ಚಿಸುತ್ತದೆ. ಗಂಡಸುತನಕ್ಕೆ ಎರಡರಿಂದಲೂ ಪೆಟ್ಟು ಬೀಳಬಹುದು, ಆಪರೇಷನ್ನಿನಲ್ಲಿ ಕೂಡಲೇ, ರೇಡಿಯೇಷನ್ನಿನಲ್ಲಿ ನಿಧಾನಕ್ಕೆ. ಇದನ್ನು ಹೆಂಡತಿಯನ್ನು ಜೊತೆಗೆ ಕೂರಿಸಿಕೊಂಡೇ ಡಾಕ್ಟರನ್ನು ಕೇಳಿ.

ಹಣದ ವಿಚಾರ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ಸಿಗುತ್ತದೆ. ರೆಫರಲ್ ಪತ್ರವನ್ನು ಮಂಡ್ಯದವರು ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್‌ನಲ್ಲಿ, ಮೈಸೂರಿನವರು ಕೆ.ಆರ್. ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗುವ ಮುಂಚೆಯೇ ಕೇಳಬೇಕು.

ಮೈಸೂರಿನಲ್ಲಿ ರೇಡಿಯೇಷನ್ 20 ಸಲ, ವಾರಕ್ಕೆ ಐದು ದಿನ, ಒಟ್ಟು 60 ಗ್ರೇ (ಕಿರಣದ ಪ್ರಮಾಣದ ಅಳತೆ). ಮಲಗಿದ ಮೇಲೆ ಕೆಲವೇ ನಿಮಿಷದ ಕೆಲಸ, ಕಷ್ಟವೆಲ್ಲ ತಯಾರಿಯದು. ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿಯಿರಬೇಕು. ಇಲ್ಲದಿದ್ದರೆ ಗ್ರಂಥಿ ಜರುಗಿ ಕಿರಣ ಕರುಳಿಗೆ ತಾಗುತ್ತದೆ. ಬಸ್ಸು ಶ್ರೀರಂಗಪಟ್ಟಣ ದಾಟುವಾಗಲೇ ನೀರು ಕುಡಿದರೆ, ಅಲ್ಲಿ ಮೆಷಿನ್ ಸರದಿ ತಡವಾದ ದಿನ ತಡೆದುಕೊಳ್ಳಲಾಗುವುದಿಲ್ಲ. ಆಸ್ಪತ್ರೆ ತಲುಪಿ, ಸರದಿ ಎಷ್ಟು ಹೊತ್ತಿಗೆಂದು ಕೇಳಿ, ಮೂತ್ರ ಪೂರ್ತಿ ಮಾಡಿ ಬಂದು, ಅರ್ಧ ಲೀಟರ್ ಕುಡಿದು ಮುಕ್ಕಾಲು ಗಂಟೆ ಕೂರುವುದು ಸರಿಹೋಯಿತು. ಮುದ್ದೆ ಬಿಡಬೇಕಿಲ್ಲ, ಜೊತೆಗಿನ ಅವರೆಕಾಳು, ಹುರುಳಿಕಾಳಿನ ಸಾರು ಮಾತ್ರ ಆ ನಾಲ್ಕು ವಾರ ಬೇಡ. ಹೊಟ್ಟೆಯಲ್ಲಿ ಗಾಳಿ ಕಂಡರೆ ಮೇಜಿನಿಂದ ಇಳಿಸಿ, ಓಡಾಡಿ ಬನ್ನಿ ಎಂದು ಕಳಿಸುತ್ತಾರೆ. ಮೂರನೆಯ ವಾರದಿಂದ ಮೂತ್ರಕ್ಕೆ ಉರಿ, ರಾತ್ರಿ ನಾಲ್ಕೈದು ಸಲ ಏಳುವುದು. ಮುಗಿದ ತಿಂಗಳೊಪ್ಪತ್ತಿನಲ್ಲಿ ತಗ್ಗಿತು.

ವರ್ಷದ ಮೇಲೆ ಮಲದಲ್ಲಿ ರಕ್ತ ಕಂಡು ಕೊಲೊನೋಸ್ಕೋಪಿಗೆ (ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವುದಕ್ಕೆ) ಹೋಗುವವರು ರೇಡಿಯೇಷನ್ ಆಗಿದೆ ಎಂದು ಮೊದಲೇ ಹೇಳಬೇಕು. ಆ ಜಾಗದಲ್ಲಿ ಚೂರು ತೆಗೆದರೆ ಗಾಯ ಮಾಯದೆ ತೂತಾಗಬಹುದು. ರೇಡಿಯೇಷನ್ ಆದವರ ಪಿಎಸ್‌ಎ ಆಪರೇಷನ್ ಆದವರ ಹಾಗೆ ಸೊನ್ನೆಗೆ ಬರುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ನಡುವೆ ಒಂದು ಸಲ ಸ್ವಲ್ಪ ಏರಿ ತಾನೇ ಇಳಿಯುವುದೂ ಉಂಟು. ಅತಿ ಕಡಿಮೆ ಬಂದ ಅಂಕಿಗಿಂತ 2 ಹೆಚ್ಚಾದರೆ ಮಾತ್ರ ಮರುಕಳಿಸಿದೆ ಎಂದು ಲೆಕ್ಕ. ಅದಕ್ಕೇ ಪ್ರತಿ ಸಲದ ತಾರೀಖು, ಅಂಕಿ, ಲ್ಯಾಬಿನ ಹೆಸರು ಒಂದೇ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ಮೂರನೆಯ ತಿಂಗಳು 3.4, ಒಂಬತ್ತನೆಯ ತಿಂಗಳು 1.6.