ಆರು ಮಕ್ಕಳಿಗೆ ಎರಡು ಕತ್ತರಿ

ಮನೆಯಲ್ಲಿ ಏನೋ ಕುಸಿದ ಕಾಲದಲ್ಲಿ ನನ್ನ ಬಳಿಗೆ ಬರುವ ಮಕ್ಕಳು ಎರಡು ಬಗೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತುಕೊಳ್ಳುವವರು ಒಂದು ಬಗೆ, ಕೈಯಲ್ಲಿರುವುದನ್ನೂ ಬಿಟ್ಟುಕೊಟ್ಟು ಮೂಲೆ ಸೇರುವವರು ಇನ್ನೊಂದು. ಅಪ್ಪ ಅಮ್ಮ ಬೇರೆಯಾದದ್ದು, ಸಾವು, ಕೆಲಸ ಹೋದದ್ದು, ಊರು ಬಿಟ್ಟದ್ದು, ಕಾರಣ ಏನೇ ಇರಲಿ. ಈ ಎರಡೂ ಬಗೆಯವರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಬೇಕೆಂದೇ ಸಾಮಾನು ಕಡಿಮೆ ಇಟ್ಟು, ಒಟ್ಟಿಗೆ ಕೆಲಸ ಮಾಡಿಸುವುದು ನನ್ನ ವಿಧಾನ. ಆರು ಮಕ್ಕಳು, ಎರಡು ಕತ್ತರಿ, ಒಂದು ಗೋಂದಿನ ಡಬ್ಬಿ, ಒಂದು ಅಳತೆಪಟ್ಟಿ, ರಾಶಿ ರಟ್ಟು. "ಮೊದಲೇ ನೊಂದ ಮಕ್ಕಳು, ಅವರಿಗೆ ಇಲ್ಲೂ ಕೊರತೆಯೇ?" ಎಂದು ಕೇಳಿದ್ದ ಸಹೋದ್ಯೋಗಿಗಳೇ ಈಗ ನನ್ನ ಅವಧಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತು ಬರೆದುಕೊಳ್ಳುತ್ತಾರೆ. ಹಾಗಾಗಿ ನಾನೇ ಬರೆದುಬಿಡುವುದು ಒಳ್ಳೆಯದು ಅನ್ನಿಸಿತು.

ಮೊದಲು ದುಡ್ಡಿನ ವಿಚಾರ. ಶುರುವಿನ ವರ್ಷ ನನ್ನ ಎರಡು ತಿಂಗಳ ಸಂಬಳದಷ್ಟು ಹಣ ನೀರಿನಂತೆ ಹರಿದುಹೋಯಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಒಂದು ಟ್ಯಾಬ್ಲೆಟ್ ಮತ್ತು ಅದರೊಳಗಿನ ಉಸಿರಾಟದ ಆ್ಯಪ್‌ಗೆ. ಉಳಿದದ್ದು ಕೈಗೊಂಬೆಗಳಿಗೆ, ಭಾವನೆಯ ಮುಖಗಳ ಕಾರ್ಡುಗಳಿಗೆ, ಹೊಳೆಯುವ ನಕ್ಷತ್ರದ ಸ್ಟಿಕರ್‌ಗಳಿಗೆ. ಎಲ್ಲವೂ ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವಂಥವೇ.

ಯಾವ ಮುಖ ತೋರಿಸಿದರೆ ಬೇಗ ಬಿಡುತ್ತಾರೆ ಎಂಬುದನ್ನು ಮಕ್ಕಳು ಎರಡನೇ ವಾರಕ್ಕೇ ಕಲಿತುಬಿಟ್ಟರು. "ತುಂಬಾ ಸಿಟ್ಟು" ಎಂದರೆ ಟೀಚರ್ ಪಕ್ಕಕ್ಕೆ ಕರೆದು ಪ್ರಶ್ನೆ ಕೇಳುತ್ತಾರೆ, "ಖುಷಿ" ಎಂದರೆ ನಂಬುವುದಿಲ್ಲ, "ಸ್ವಲ್ಪ ಬೇಸರ" ಎಂದರೆ ಎಲ್ಲರಿಗೂ ಸಮಾಧಾನ. ಒಬ್ಬ ಹುಡುಗ ಬಾಗಿಲಲ್ಲೇ ಆ ಕಾರ್ಡನ್ನು ಬಸ್ ಪಾಸ್ ತೋರಿಸುವಂತೆ ತೋರಿಸಿ ಒಳಗೆ ಬರುತ್ತಿದ್ದ. ಗೊಂಬೆಗಳು ಏಳರ ಒಳಗಿನವರಿಗೆ ಚೆನ್ನಾಗಿಯೇ ಒಗ್ಗಿದವು. ಹತ್ತು ವರ್ಷದವರ ಕೈಗೆ ಸಿಕ್ಕಾಗ ಹೊಡೆದಾಟದ ಆಯುಧವಾದವು. ನಕ್ಷತ್ರಗಳ ಕಥೆ ಇನ್ನೂ ಕೆಟ್ಟದ್ದು. ಯಾವ ಮಗುವಿಗೆ ಮೆಚ್ಚುಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅದರ ಹೆಸರಿನ ಮುಂದೆಯೇ ನಕ್ಷತ್ರ ಕಡಿಮೆ. ಅದನ್ನು ಗೋಡೆಯ ಮೇಲೆ ಎಲ್ಲರೂ ನೋಡುವ ಹಾಗೆ ಬೇರೆ ತೂಗುಹಾಕಿದ್ದು. ಟ್ಯಾಬ್ಲೆಟ್ಟಿನಲ್ಲಿ ವೃತ್ತ ಹಿಗ್ಗುವುದನ್ನು ನೋಡಿ ಒಬ್ಬೊಬ್ಬರೇ ಚೆನ್ನಾಗಿ ಶಾಂತರಾಗುತ್ತಿದ್ದರು, ಮುಂದಿನ ಸರದಿ ಯಾರದೆಂದು ಕೂಡಲೇ ಜಗಳಕ್ಕಿಳಿಯುತ್ತಿದ್ದರು. ಅರ್ಧ ಬೆಲೆಗೂ ಕಡಿಮೆಗೆ ಅದನ್ನು ಮಾರಿದೆ. ರಟ್ಟಂತೂ ಅಂಗಡಿಯವರು ಎಸೆಯುವ ಪೆಟ್ಟಿಗೆಗಳಿಂದ ಸಿಗುತ್ತದೆ. ಟ್ಯಾಬ್ಲೆಟ್ ಮಾರಿದ ದುಡ್ಡಿನಲ್ಲಿ ಗೋಂದು, ದಾರ, ಕಾಗದದ ಖರ್ಚು ಎರಡು ವರ್ಷಕ್ಕೂ ಮೀರಿ ನಡೆಯಿತು.

ಸಾಮಾನು ಕಡಿಮೆ ಇಟ್ಟರೆ ಸಾಕು ಎಂದುಕೊಂಡು ನನ್ನದನ್ನು ನಕಲು ಮಾಡಿದ ಇಬ್ಬರು ಮೂರು ಮಂದಿ ಕೈಸುಟ್ಟುಕೊಂಡಿದ್ದಾರೆ. ಬರೀ ಕೊರತೆ ಇದ್ದರೆ ಕಿತ್ತಾಟವಷ್ಟೇ ಹೆಚ್ಚುತ್ತದೆ. ಇನ್ನೊಬ್ಬರಿಲ್ಲದೆ ಕೆಲಸ ಮುಗಿಯುವುದೇ ಇಲ್ಲ ಎನ್ನುವ ಕಟ್ಟು ಜೊತೆಗಿರಬೇಕು. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ತರಗತಿಗೆ ತಂದಾಗ ಜಗಳ ಮಿತಿಮೀರಿತ್ತು. ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ಮಕ್ಕಳಿಗೆ ಸೌಹಾರ್ದದ ಪಾಠ ಹೇಳಲು ಹೋಗಲಿಲ್ಲ. ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಉಳಿದವರ ಮಾತು ಕೇಳದಿದ್ದರೆ ಪಾಠ ಪೂರ್ಣವಾಗದು. ನಾನು ಎತ್ತಿಕೊಂಡದ್ದು ಇದನ್ನೇ. ಸೇತುವೆಯೋ, ಸುರಂಗವಿರುವ ಊರೋ, ಯಾವುದನ್ನು ಕಟ್ಟುತ್ತೇವೋ ಅದರ ಸೂಚನೆಯ ಹಾಳೆಯನ್ನು ಆರು ಚೂರು ಮಾಡಿ ಹಂಚುತ್ತೇನೆ. ಓದಲು ಬಾರದ ಚಿಕ್ಕವರಿಗೆ ಚಿತ್ರದ ಚೂರು. ಅತಿ ಮುಖ್ಯವಾದ ಅಳತೆ ಯಾವಾಗಲೂ ಚಿಕ್ಕವರ ಚೂರಿನಲ್ಲೇ ಇರುತ್ತದೆ.

ಆರೇ ಏಕೆಂದು ಕೇಳುತ್ತಾರೆ. ಹತ್ತು ಮಂದಿ ಇದ್ದಾಗ ಮೂಲೆಯ ಮಕ್ಕಳು ಕಾಣೆಯಾಗುತ್ತಿದ್ದರು. ಮೂವರಾದರೆ ಇಬ್ಬರು ಒಂದಾಗಿ ಒಬ್ಬರನ್ನು ಹೊರಗಿಡುತ್ತಾರೆ, ಇದು ತಪ್ಪುವುದೇ ಇಲ್ಲ. ಒಂದೇ ವಯಸ್ಸಿನ ನಾಲ್ವರು ಹುಡುಗರ ಗುಂಪೊಂದನ್ನು ಒಮ್ಮೆ ನಡೆಸಿದೆ. ಪೂರ್ತಿ ಹತ್ತು ವಾರ ಯಾರು ದೊಡ್ಡವರೆಂದು ತೀರ್ಮಾನಿಸುವುದರಲ್ಲೇ ಕಳೆಯಿತು, ಸೇತುವೆ ಅರ್ಧಕ್ಕೆ ನಿಂತಿತು. ಈಗ ಆರರಿಂದ ಹನ್ನೊಂದರವರೆಗಿನ ಮಿಶ್ರ ವಯಸ್ಸು, ಅದರಲ್ಲಿ ಇಬ್ಬರು ದೊಡ್ಡವರು. ವಾರಕ್ಕೆ ಎರಡು ಸಲ, ಸುಮಾರು ಮುಕ್ಕಾಲು ಗಂಟೆ, ಅದೇ ಕೋಣೆ, ಅದೇ ಹೊತ್ತು, ಅದೇ ಕ್ರಮ. ಮನೆಯಲ್ಲಿ ನಾಳೆ ಏನೆಂದು ಗೊತ್ತಿಲ್ಲದ ಮಗುವಿಗೆ ಇಲ್ಲಿ ಮುಂದೇನು ಎಂಬುದು ಬಾಯಿಪಾಠವಾಗಿರಬೇಕು. ಕೋಣೆ ಬದಲಾದ ಒಂದು ವಾರದಲ್ಲಿ ನಾವು ಗಳಿಸಿದ್ದ ತಿಂಗಳ ಕೆಲಸ ಹಿಂದಕ್ಕೆ ಹೋದದ್ದನ್ನು ಕಂಡಿದ್ದೇನೆ.

ಮೇಜಿನ ನಿಯಮ ಮೂರೇ. ಸಾಮಾನು ಬೇಕಾದರೆ ಹಿಡಿದಿರುವವರ ಹೆಸರು ಹೇಳಿ ಕೇಳಬೇಕು. ಕೊಡದಿದ್ದರೆ ಯಾವಾಗ ಕೊಡುತ್ತೇನೆಂದು ಹೇಳಬೇಕು. ಬರೀ "ಇಲ್ಲ" ನಡೆಯದು. ಮುರಿದವರು ಸರಿಮಾಡಬೇಕು, ಕ್ಷಮೆ ಕೇಳುವುದು ಅವರಿಷ್ಟ. ಈ ಮೂರನೆಯದಕ್ಕೆ ಪೋಷಕರಿಂದ ಬೈಸಿಕೊಂಡದ್ದು ಹೆಚ್ಚು. ಆದರೆ ಬಲವಂತದ "ಸಾರಿ" ಕಲಿಸುವುದು ಬಲವಂತದ ಸಾರಿಯನ್ನು ಮಾತ್ರ. ಬೇರೆಯವರ ಗೋಡೆ ಬೀಳಿಸಿದ ಹುಡುಗ ಹತ್ತು ನಿಮಿಷ ಕೂತು ಗೋಂದು ಹಚ್ಚಿ ಒತ್ತಿ ಹಿಡಿದರೆ, ಆ ಹೊತ್ತಿನಲ್ಲಿ ಇಬ್ಬರ ನಡುವೆ ಮಾತು ತಾನಾಗಿ ಹುಟ್ಟುತ್ತದೆ. ಗೋಂದು ಒಣಗುವುದು ನಿಧಾನವಾದಷ್ಟೂ ಒಳ್ಳೆಯದು! ಬೇಗ ಅಂಟುವ ಗೋಂದನ್ನು ನಾನು ತರುವುದನ್ನೇ ನಿಲ್ಲಿಸಿದೆ.

ಉಸಿರಾಟದ ಅಭ್ಯಾಸ ಇದೆ, ಆದರೆ ಶುರುವಿನಲ್ಲಿ, ಎಲ್ಲರೂ ಸುಮ್ಮನಿರುವಾಗ. ಕಾಗದದ ಪುಟ್ಟ ದೋಣಿಯನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಊದಬೇಕು. ಜೋರಾಗಿ ಊದಿದರೆ ದೋಣಿ ಮಗುಚುತ್ತದೆ. ಉದ್ದಕ್ಕೆ, ಮೆಲ್ಲಗೆ ಬಿಟ್ಟ ಉಸಿರಿಗೆ ಮಾತ್ರ ಸಾಗುತ್ತದೆ. ಒಳಗೆಳೆಯುವುದಕ್ಕಿಂತ ಹೊರಬಿಡುವುದು ನಿಧಾನವಾಗಬೇಕು ಎಂಬುದನ್ನು ನಾನು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಅಳುತ್ತಾ ಕಿರುಚುತ್ತಿರುವ ಮಗುವಿಗೆ "ಉಸಿರಾಡು, ಉಸಿರಾಡು" ಎನ್ನುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಆ ಹೊತ್ತಿನಲ್ಲಿ ನಾನು ಮಾಡುವುದಿಷ್ಟೇ: ಪಕ್ಕದಲ್ಲಿ, ಮಗುವಿನ ಎತ್ತರಕ್ಕೆ ಇಳಿದು ಕೂರುವುದು, ಮಾತು ಕಡಿಮೆ ಮಾಡುವುದು, ಉಳಿದವರ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು.

ಅಂಕಿ ಬೇಕೆನ್ನುವವರಿಗೆ, ನೆನಪಿನಿಂದ ಹೇಳುತ್ತೇನೆ. ಮೊದಲ ವಾರ ಒಂದು ಅವಧಿಯಲ್ಲಿ ಕಿತ್ತುಕೊಳ್ಳುವುದು, ತಳ್ಳುವುದು ಹದಿನೈದು ಇಪ್ಪತ್ತು ಬಾರಿ. ಎರಡನೇ, ಮೂರನೇ ವಾರ ಅರ್ಧಕ್ಕಿಳಿಯುತ್ತದೆ. ನಾಲ್ಕನೇ ವಾರ ಮತ್ತೆ ಏರುತ್ತದೆ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚು. ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಜಾಗ ಸುರಕ್ಷಿತವೆಂದು ನಂಬಿಕೆ ಬಂದಮೇಲೆ ಮಕ್ಕಳು ಅದುಮಿಟ್ಟಿದ್ದನ್ನು ಹೊರಗೆ ಹಾಕುತ್ತಾರೆ ಎಂಬುದು ನನ್ನ ಊಹೆ. ಏನೇ ಇರಲಿ, ಏನನ್ನೂ ಬದಲಿಸದೆ ಮುಂದುವರಿದರೆ ಏಳನೇ ವಾರದ ಹೊತ್ತಿಗೆ ಅದು ಮೂರು ನಾಲ್ಕಕ್ಕೆ ಬಂದು ನಿಲ್ಲುತ್ತದೆ. ಇಲ್ಲಿಯವರೆಗೆ ನಲವತ್ತಕ್ಕೂ ಹೆಚ್ಚು ಮಕ್ಕಳು ಈ ಮೇಜಿಗೆ ಬಂದು ಹೋಗಿದ್ದಾರೆ. ಒಂದೇ ಒಂದು ಗುಂಪಿನಲ್ಲಿ ಮಾತ್ರ ಈ ಇಳಿತ ಕಾಣಲಿಲ್ಲ, ಮೇಲೆ ಹೇಳಿದ ನಾಲ್ವರದು.

ವಿಧಾನದ ತಿರುಳು ಕತ್ತರಿಗಿಂತ ಹೆಚ್ಚಾಗಿ ಹೊಣೆಯಲ್ಲಿದೆ. ಎಲ್ಲರಿಗೂ ಒಂದೊಂದು ಕೆಲಸ: ಸಮಯ ನೋಡುವವರು, ಸಾಮಾನು ಎಣಿಸಿ ಒಪ್ಪಿಸುವವರು, ಅಳತೆ ಪರೀಕ್ಷಿಸುವವರು, ಹೊಸಬರನ್ನು ಬರಮಾಡಿಕೊಳ್ಳುವವರು. ಕೊನೆಯದನ್ನು ನಾನು ಗುಂಪಿನಲ್ಲಿ ಅತಿ ಹೆಚ್ಚು ಹೊಡೆಯುವ ಮಗುವಿಗೆ ಕೊಡುತ್ತೇನೆ. ಹಿರಿಯ ಆಪ್ತಸಮಾಲೋಚಕರೊಬ್ಬರು ಇದನ್ನು ಕೇಳಿ ನಕ್ಕಿದ್ದರು. ಎಂಟು ವರ್ಷದ ಒಬ್ಬಳು ಮೂರು ವಾರ ಎಲ್ಲರ ತೋಳಿನ ಮೇಲೂ ಉಗುರಿನ ಗುರುತು ಬಿಟ್ಟಿದ್ದಳು. ಮಧ್ಯದಲ್ಲಿ ಸೇರಿದ ಪುಟ್ಟ ಹುಡುಗನೊಬ್ಬನನ್ನು ಅವಳ ವಶಕ್ಕೆ ಕೊಟ್ಟೆ. ಅವಳು ಅವನಿಗೆ ಕೋಣೆ ತೋರಿಸಿದಳು, ನಿಯಮ ಹೇಳಿದಳು, ಆಮೇಲೆ ತಗ್ಗಿದ ದನಿಯಲ್ಲಿ "ಇಲ್ಲಿ ಯಾರಾದರೂ ಉಗುರು ಹಾಕಿದರೆ ನನಗೆ ಹೇಳು" ಎಂದಳು. ನಗು ತಡೆಯಲು ನಾನು ಕಿಟಕಿಯ ಕಡೆ ತಿರುಗಬೇಕಾಯಿತು. ಆ ದಿನದಿಂದ ಅವಳು ಪೂರ್ತಿ ಬದಲಾದಳು ಎಂದರೆ ಸುಳ್ಳಾಗುತ್ತದೆ. ಆದರೆ ಹುಡುಗನ ಮುಂದೆ ಮಾತ್ರ ಕೈ ಎತ್ತಲಿಲ್ಲ, ಅವನು ಯಾವಾಗಲೂ ಮುಂದೆಯೇ ಇರುತ್ತಿದ್ದ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸಿದ ಮನೋವಿಜ್ಞಾನಿ ಎಮ್ಮಿ ವರ್ನರ್ ಕಂಡದ್ದೂ ಇದರ ಆಸುಪಾಸಿನದು. ಬಹಳ ಕಷ್ಟದ ಹಿನ್ನೆಲೆಯವರಲ್ಲೂ ಮೂರನೇ ಒಂದರಷ್ಟು ಮಕ್ಕಳು ಚೆನ್ನಾಗಿ ಬೆಳೆದು ನಿಂತರು. ಅವರಿಗೆ ಅಕ್ಕರೆಯ ಒಬ್ಬ ಹಿರಿಯರಾದರೂ ಇದ್ದರು, ಅನೇಕರ ಮೇಲೆ ತಮ್ಮ ತಂಗಿಯರನ್ನು ನೋಡಿಕೊಳ್ಳುವಂಥ ಹೊಣೆಯೂ ಇತ್ತು. ನಕ್ಕಿದ್ದ ಹಿರಿಯರಿಗೆ ಇದನ್ನು ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡರು, ಅಷ್ಟೇ.

ಯಾವ ಹೊಣೆಯನ್ನು ಯಾವ ದಿನ ಯಾರಿಗೆ ಕೊಡಬೇಕು, ಕೊಡುವಾಗ ಏನು ಹೇಳಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಒಂದು ಸುಳಿವು ಮಾತ್ರ: ಎಲ್ಲರ ಮುಂದೆ ಕೊಡಬೇಡಿ.

"ನಡೆದದ್ದನ್ನು ಮಕ್ಕಳ ಬಾಯಿಂದ ಹೇಳಿಸುವುದಿಲ್ಲವೇ?" ಎಂಬುದು ಇನ್ನೊಂದು ಆಕ್ಷೇಪ. ಇಲ್ಲ. ಆಘಾತದ ನಂತರ ಒಮ್ಮೆ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡವೆಂದಿದೆ. ಅದು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಮಾತಿಗಾಗಿ ಒತ್ತಾಯಿಸಬೇಡಿ ಎನ್ನುತ್ತದೆ. ಮಕ್ಕಳು ಹೇಳಬೇಕೆನಿಸಿದಾಗ ಹೇಳುತ್ತಾರೆ, ಹೆಚ್ಚಾಗಿ ಕೈ ಕೆಲಸದಲ್ಲಿದ್ದು ಕಣ್ಣು ಕೆಳಗಿರುವಾಗ. ನಾನು ಕತ್ತರಿಸುವುದನ್ನು ನಿಲ್ಲಿಸದೆ ಕೇಳುತ್ತೇನೆ. ನಿಲ್ಲಿಸಿ ತಲೆ ಎತ್ತಿದರೆ ಮಾತು ನಿಂತುಹೋಗುತ್ತದೆ.

ಇದರ ಜೊತೆಗೆ ಬೇರೆ ಪ್ರಯೋಗಗಳೂ ಬೇಕಾದಷ್ಟು ನಡೆದಿವೆ. ಚಿಂತೆಯ ಪೆಟ್ಟಿಗೆ ಇಟ್ಟೆ: ಬರೆದು ಅಥವಾ ಚಿತ್ರ ಬಿಡಿಸಿ ಹಾಕುವುದು, ವಾರಕ್ಕೊಮ್ಮೆ ತೆರೆದು "ನಮ್ಮ ಕೈಯಲ್ಲಿದೆ", "ನಮ್ಮ ಕೈಯಲ್ಲಿಲ್ಲ", "ದೊಡ್ಡವರನ್ನು ಕೇಳಬೇಕು" ಎಂದು ಮೂರು ರಾಶಿ ಮಾಡುವುದು. ಒಂಬತ್ತು ದಾಟಿದವರಿಗೆ ಚೆನ್ನಾಗಿ ಹಿಡಿಸಿತು. ಚಿಕ್ಕವರು ರಟ್ಟಿನ ಚೂರುಗಳನ್ನು ತುಂಬಿಸಿಟ್ಟರು. ಇನ್ನೊಮ್ಮೆ ಇಡೀ ಅವಧಿಯನ್ನು ಮಾತಿಲ್ಲದೆ ನಡೆಸಿದೆ, ಎಲ್ಲವೂ ಸನ್ನೆಯಲ್ಲಿ. ತಮಾಷೆಗೆಂದು ಮಾಡಿದ್ದು, ಫಲ ಮಾತ್ರ ತಮಾಷೆಯದಲ್ಲ: ವಾರಗಟ್ಟಲೆ ಬಾಯಿ ಬಿಡದಿದ್ದ ಹುಡುಗಿ ಅಂದು ಎಲ್ಲರಿಗಿಂತ ಮುಂದೆ. ಸನ್ನೆಯಲ್ಲಿ ಅವಳಿಗಿದ್ದ ಅಭ್ಯಾಸ ಬೇರೆ ಯಾರಿಗೂ ಇರಲಿಲ್ಲವಲ್ಲ. ಈಗ ತಿಂಗಳಿಗೊಂದು ಅವಧಿ ಹಾಗೆಯೇ. ಪೋಷಕರನ್ನು ಅದೇ ಮೇಜಿಗೆ ಕೂರಿಸಿದ ಪ್ರಯೋಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬ ತಂದೆ ಕತ್ತರಿ ಕೇಳಲಾಗದೆ ರಟ್ಟನ್ನು ಕೈಯಲ್ಲೇ ಹರಿದರು. ಮಗ ನೋಡುತ್ತಿದ್ದ.

ಈ ಮೇಜಿಗೆ ಸೇರದ ಮಕ್ಕಳೂ ಇದ್ದಾರೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನಿಂದ ಅಪಹರಣಕ್ಕೊಳಗಾಗಿ ಪಾರಾದ ಮಕ್ಕಳನ್ನು ಅಧ್ಯಯನ ಮಾಡಿದ ಮನೋವೈದ್ಯೆ ಲೆನೋರ್ ಟೆರ್ ಒಂದು ವಿಚಿತ್ರ ಆಟವನ್ನು ಗುರುತಿಸಿದರು: ನಡೆದದ್ದನ್ನೇ ಮತ್ತೆ ಮತ್ತೆ ಆಡುವುದು, ಬದಲಾವಣೆಯಿಲ್ಲದೆ, ಖುಷಿಯಿಲ್ಲದೆ. ಅಂಥ ಆಟ ಕಂಡರೆ, ಅಥವಾ ಮಗು ಸಾಯುವ ಮಾತನಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ನಿದ್ದೆ ಊಟ ಬಿಟ್ಟು ವಾರಗಳಾಗಿದ್ದರೆ, ನಾನು ಪ್ರಯೋಗಕ್ಕೆ ಇಳಿಯುವುದಿಲ್ಲ. ಅದೇ ದಿನ ಮನೆಯವರೊಂದಿಗೆ ಮಾತನಾಡಿ ಮಕ್ಕಳ ಮನೋವೈದ್ಯರಲ್ಲಿಗೆ ಕಳುಹಿಸುತ್ತೇನೆ.

ಗುಂಪು ಮುಗಿಸುವುದಕ್ಕೆ ಬೇರೆಯೇ ಜಾಣತನ ಬೇಕು. ಈ ಮಕ್ಕಳಲ್ಲಿ ಹಲವರು ಹೇಳದೆ ಕೇಳದೆ ಏನನ್ನೋ ಕಳೆದುಕೊಂಡವರು. ಆದ್ದರಿಂದ ಕೊನೆಯ ದಿನವನ್ನು ಮೂರು ವಾರ ಮೊದಲೇ ಗೋಡೆಯ ಮೇಲೆ ಬರೆದು, ಪ್ರತಿ ಅವಧಿಯಲ್ಲೂ ಒಬ್ಬರಿಂದ ಓದಿಸುತ್ತೇನೆ. ಎಂಟನೇ ವಾರ ಮತ್ತೆ ಜಗಳ ಏಳುತ್ತದೆ, ಪೋಷಕರು ಇನ್ನೊಂದು ತಿಂಗಳು ಮುಂದುವರಿಸಿ ಎನ್ನುತ್ತಾರೆ, ಅದಕ್ಕೆ ಹಣವನ್ನೂ ಕೊಡಲು ಬರುತ್ತಾರೆ. ಮುಂದುವರಿಸುವುದಿಲ್ಲ. ಕಟ್ಟಿದ ಊರನ್ನು ಏನು ಮಾಡಬೇಕೆಂದು ಮಕ್ಕಳೇ ತೀರ್ಮಾನಿಸಬೇಕು, ಆರೂ ಮಂದಿ ಒಪ್ಪಬೇಕು. ಕಳೆದ ಗುಂಪು ಎರಡು ಅವಧಿ ಪೂರ್ತಿ ವಾದ ಮಾಡಿ, ಊರನ್ನು ಆರು ಭಾಗ ಮಾಡಿ ಮನೆಗೆ ಒಯ್ದಿತು. ಅಳತೆಯನ್ನು ಚಿಕ್ಕವನೇ ಹೇಳಿದ, ಕತ್ತರಿಸಿದವರು ದೊಡ್ಡವರು.